ನಮ್ಮ ಮೆಟ್ರೊದ ನೆಲದಡಿ ನಿಲ್ದಾಣಗಳಲ್ಲಿ ಒಂದು ಶನಿವಾರ

ಅರಸೀಕೆರೆಯಲ್ಲಿರುವ ನನ್ನ ಚಿಕ್ಕಪ್ಪ, ಚಿಕ್ಕಮ್ಮ ಮಗಳ ಮದುವೆಗೆ ಸೀರೆ ತೆಗೆಯಲೆಂದು ಒಂದು ಶನಿವಾರ ಬೆಂಗಳೂರಿಗೆ ಬಂದಿದ್ದರು. ವಿಧಾನಸೌಧವನ್ನು ಹತ್ತಿರದಿಂದ ನೋಡಬೇಕೆಂಬುದು ಚಿಕ್ಕಮ್ಮನ ಆಸೆಯಾಗಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದ ಚಿಕ್ಕಪ್ಪನಿಗೆ ಮಾತ್ರ ಸೀರೆಗಿಂತಲೂ ವಿಧಾನಸೌಧಕ್ಕಿಂತಲೂ ನೆಲದಡಿಯ ಮೆಟ್ರೊ ನಿಲ್ದಾಣಗಳನ್ನು ನೋಡುವ ಕುತೂಹಲವೇ ಹೆಚ್ಚಾಗಿತ್ತು. ಈಗ ರೈಲು ಓಡುತ್ತಿರುವ ಅಂಥ ನಿಲ್ದಾಣಗಳು ಏಳು: ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್, ವಿಧಾನಸೌಧ, ಸರ್ ಎಂ. ವಿಶ್ವೇಶ್ವರಯ್ಯ, ಮೆಜೆಸ್ಟಿಕ್ ಮತ್ತು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಜೊತೆಗೆ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ. ರಾಜಾಜಿನಗರದ ಕಡೆಯಿಂದ ಹಸಿರು ಮಾರ್ಗದಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ದಿನವೂ ಕಚೇರಿಗೆ ಹೋಗುವ ನಾನು, ಈ ನಿಲ್ದಾಣಗಳನ್ನು ಬಲ್ಲೆನೆಂದೇ ಭಾವಿಸಿದ್ದೆ. ಊರಿನಿಂದ ಬಂದ ಹಿರಿಯರ ಜೊತೆ ಒಂದು ದಿನ ಓಡಾಡಿದ ಮೇಲೆ, ನಾನು ಬಲ್ಲದ್ದು ನನ್ನ ಎರಡು ಮೆಟ್ಟಿಲಸಾಲು ಮತ್ತು ಒಂದು ದ್ವಾರವನ್ನು ಮಾತ್ರ ಎಂಬುದು ತಿಳಿಯಿತು. ಇದೇ ಬಗೆಯ ಪ್ರವಾಸಕ್ಕೆ ಹೊರಟಿರುವವರಿಗೆ, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೊರಟವರಿಗೆ, ನಮ್ಮ ಅನುಭವ ಸ್ವಲ್ಪವಾದರೂ ಉಪಯೋಗಕ್ಕೆ ಬರಬಹುದು.

ಮೊದಲ ಗೊಂದಲ ಊರಿನ ರೈಲಿನಿಂದ ಇಳಿಯುತ್ತಲೇ ಶುರುವಾಗುತ್ತದೆ. ಬೆಂಗಳೂರು ನಗರ ರೈಲು ನಿಲ್ದಾಣ, ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಹೆಸರನ್ನೇ ಹೊತ್ತ ಮೆಟ್ರೊ ನಿಲ್ದಾಣ ಇರುವುದು ಅದರ ಹಿಂಬದಿಗೆ. ಮುಂಬಾಗಿಲಿನಿಂದ ಹೊರಬಂದವರಿಗೆ ರಸ್ತೆಯಾಚೆಯ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣವೇ ಅನುಕೂಲ. ನಿಮ್ಮ ರೈಲು ಹಿಂಬದಿಯ ಪ್ಲಾಟ್‌ಫಾರಂಗೆ ಬಂದಿದ್ದರೆ ಹಿಂದಿನ ದ್ವಾರವನ್ನು ಹಿಡಿಯಿರಿ. ಒಂದನೆಯ ಪ್ಲಾಟ್‌ಫಾರಂ ಕಡೆಗೆ ಬಂದಿದ್ದರೆ ಮುಂದಿನಿಂದ ಹೊರಬಂದು, ಸುರಂಗದಾರಿಯಲ್ಲಿ ರಸ್ತೆ ದಾಟಿ ಮೆಜೆಸ್ಟಿಕ್‌ಗೆ ನಡೆಯಿರಿ. ಎರಡರ ನಡುವೆ ಇರುವುದು ಒಂದೇ ನಿಲ್ದಾಣದ ಅಂತರವಾದ್ದರಿಂದ, ಪೆಟ್ಟಿಗೆಗಳನ್ನು ಹೊತ್ತು ಮೇಲ್ಸೇತುವೆಯ ಉದ್ದಕ್ಕೂ ಹಿಂದಕ್ಕೆ ನಡೆಯುವ ಹಟ ಬೇಡ. ಹಸಿರು ಮಾರ್ಗಕ್ಕೆ ಹೋಗುವವರಂತೂ ನೇರವಾಗಿ ಮೆಜೆಸ್ಟಿಕ್‌ಗೆ ಹೋಗುವುದೇ ಲೇಸು. ನಾವು ಇಳಿದದ್ದು ಹಿಂಬದಿಯಲ್ಲಾದ್ದರಿಂದ ಹಿಂದಿನ ನಿಲ್ದಾಣವನ್ನೇ ಹೊಕ್ಕೆವು.

ದ್ವಾರದಲ್ಲಿ ಚಿಕ್ಕಪ್ಪ ನಿಂತುಬಿಟ್ಟರು. ಕೆಳಗೆ ಇಳಿಯಬೇಕಾದ ನಿಲ್ದಾಣಕ್ಕೆ ಮೊದಲು ಮೂರು ನಾಲ್ಕು ಮೆಟ್ಟಿಲು ಹತ್ತಬೇಕಾದದ್ದೇಕೆ ಎಂಬುದು ಅವರ ಪ್ರಶ್ನೆ. ಎಷ್ಟೋ ವರ್ಷ ಇಂಥ ಮೆಟ್ಟಿಲು ಹತ್ತಿ ಇಳಿದಿದ್ದರೂ ನನಗೆ ಆ ಪ್ರಶ್ನೆ ಹುಟ್ಟಿರಲಿಲ್ಲ. ಉತ್ತರವನ್ನೂ ಅವರೇ ಹೇಳಿದರು: ಮಳೆಗಾಲದಲ್ಲಿ ರಸ್ತೆಯ ನೀರು ಒಳಗೆ ನುಗ್ಗದಂತೆ ಹೊಸ್ತಿಲನ್ನು ಎತ್ತರಿಸಿದ್ದಾರೆ. ಬೆಂಗಳೂರಿನ ಮಳೆಯನ್ನು ಕಂಡವರಾರೂ ಆ ಮೆಟ್ಟಿಲುಗಳಿಗೆ ಬೇಸರಿಸಲಾರರು. ಆದರೆ ಮಂಡಿನೋವಿರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಇದ್ದರೂ ಪ್ರತಿ ದ್ವಾರದಲ್ಲಿ ಇರುವುದಿಲ್ಲ, ಮತ್ತು ಕೆಲವು ದ್ವಾರಗಳಲ್ಲಿ ಎಸ್ಕಲೇಟರ್ ಮೇಲಕ್ಕೆ ಮಾತ್ರ ಓಡುತ್ತದೆ. ಲಿಫ್ಟ್ ಇರುವ ದ್ವಾರ ಯಾವುದೆಂದು ಭದ್ರತಾ ಸಿಬ್ಬಂದಿಯನ್ನು ಮೊದಲೇ ಕೇಳಿಕೊಂಡರೆ, ಅರ್ಧ ಮೆಟ್ಟಿಲು ಇಳಿದ ಮೇಲೆ ಹಿಂತಿರುಗುವ ಪಾಡು ತಪ್ಪುತ್ತದೆ.

ಟಿಕೆಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಟೋಕನ್, ಸ್ಮಾರ್ಟ್ ಕಾರ್ಡ್, ಮೊಬೈಲಿನ ಕ್ಯೂಆರ್ ಟಿಕೆಟ್ ಮೂರೂ ನಡೆಯುತ್ತವೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ ದರ 90 ರೂಪಾಯಿ ಎಂದು ನಿಗದಿಯಾಯಿತು. ದಿನವಿಡೀ ಹತ್ತಿ ಇಳಿಯುವವರಿಗೆ ಕಾರ್ಡು ಒಳ್ಳೆಯದು, ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬಹುದೆಂಬುದು ನೆನಪಿರಲಿ. ಚಿಕ್ಕಪ್ಪ ಟೋಕನ್ನನ್ನು ಗೇಟಿನೊಳಗೆ ಹಾಕಲು ತೂತು ಹುಡುಕುತ್ತಿದ್ದರು. ಒಳಹೋಗುವಾಗ ಅದನ್ನು ಮುಟ್ಟಿಸಿದರೆ ಸಾಕು, ಹೊರಬರುವಾಗ ಮಾತ್ರ ಒಳಗೆ ಹಾಕಬೇಕು. ಹಿಂದಿನವರು ಗೊಣಗುವ ಮುನ್ನ ಇದನ್ನು ಜೊತೆಯವರಿಗೆ ಹೇಳಿಕೊಟ್ಟಿರಿ.

ಪ್ಲಾಟ್‌ಫಾರಂನಲ್ಲಿ ರೈಲು ಕಾಣುವುದಕ್ಕೆ ಮೊದಲು ಗಾಳಿ ಬರುತ್ತದೆ. ಸುರಂಗದ ಒಳ ಅಗಲ 5.6 ಮೀಟರ್ ಮಾತ್ರವಾದ್ದರಿಂದ, ಸೈಕಲ್ ಪಂಪಿನ ದಂಡ ಗಾಳಿಯನ್ನು ತಳ್ಳುವಂತೆ, ರೈಲು ತನ್ನ ಮುಂದಿನ ಗಾಳಿಯನ್ನು ನಿಲ್ದಾಣದೊಳಕ್ಕೆ ತಳ್ಳಿಕೊಂಡು ಬರುತ್ತದೆ. ದಿನನಿತ್ಯದ ಪ್ರಯಾಣಿಕರು ಸೂಚನಾ ಫಲಕವನ್ನು ನೋಡದೆಯೇ ಮೊಬೈಲನ್ನು ಜೇಬಿಗೆ ಸೇರಿಸಿ ಮುಂದಕ್ಕೆ ಹೆಜ್ಜೆ ಹಾಕುವುದು ಈ ಗಾಳಿ ಮುಖಕ್ಕೆ ತಾಗಿದಾಗಲೇ. ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಳಿಯ ಮೇಲೆ ತಂತಿ ಕಾಣದ ಚಿಕ್ಕಪ್ಪನಿಗೆ ಕರೆಂಟು ಎಲ್ಲಿಂದ ಬರುತ್ತದೆಂಬ ಚಿಂತೆ ಹತ್ತಿತು. ಹಳಿಯ ಪಕ್ಕದಲ್ಲೇ ಓಡುವ ಮೂರನೆಯ ಕಂಬಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಆದ್ದರಿಂದ ಕೈಯಿಂದ ಏನೇ ಜಾರಿ ಕೆಳಗೆ ಬಿದ್ದರೂ ಇಳಿಯುವ ಯೋಚನೆಯನ್ನೇ ಮಾಡದೆ ಸಿಬ್ಬಂದಿಯನ್ನು ಕರೆಯಬೇಕು. ಮಕ್ಕಳಿಗಂತೂ ಇದನ್ನು ಎರಡು ಸಲ ಹೇಳಬೇಕು.

ನೆಲದಡಿ ನಿಲ್ದಾಣಗಳ ಇನ್ನೊಂದು ಗುಣ ಹೊಸಬರಿಗೆ ತುಂಬ ಅನುಕೂಲದ್ದು. ಎತ್ತರದ ಮಾರ್ಗದ ಬಹುತೇಕ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂಗಳು ಹಳಿಗಳ ಎರಡು ಬದಿಗಿವೆ. ಈ ಏಳರಲ್ಲಿ ಪ್ಲಾಟ್‌ಫಾರಂ ನಡುವೆ, ಹಳಿಗಳು ಅದರ ಎರಡು ಪಕ್ಕಕ್ಕೆ. ಹಾಗಾಗಿ ವೈಟ್‌ಫೀಲ್ಡ್ ಕಡೆಯಿಂದ ಬರುವಾಗ, ಎತ್ತರದ ಮಾರ್ಗದಲ್ಲಿರುವ ಎಂ.ಜಿ. ರಸ್ತೆ ನಿಲ್ದಾಣದವರೆಗೆ ಎಡಕ್ಕೆ ತೆರೆಯುತ್ತಿದ್ದ ಬಾಗಿಲು ಕಬ್ಬನ್ ಪಾರ್ಕ್‌ನಿಂದ ಬಲಕ್ಕೆ ತೆರೆಯುತ್ತದೆ. ಬಾಗಿಲಿಗೆ ಆನಿಕೊಂಡು ಹಾಯಾಗಿ ನಿಂತಿದ್ದವರು ಅಲ್ಲಿ ಬೆಚ್ಚಿಬಿದ್ದು ಸರಿಯುವುದನ್ನು ನೀವು ದಿನವೂ ನೋಡಬಹುದು. ಇಳಿಯಬೇಕಾದ ನಿಲ್ದಾಣ ತಪ್ಪಿದರೆ ಮೇಲೆ ಹತ್ತಿ ಮತ್ತೆ ಇಳಿಯುವ ಕೆಲಸವಿಲ್ಲ: ಅದೇ ಪ್ಲಾಟ್‌ಫಾರಂನಲ್ಲಿ ಹತ್ತು ಹೆಜ್ಜೆ ಅಡ್ಡ ನಡೆದು, ಎದುರಿನ ರೈಲು ಹಿಡಿದರಾಯಿತು. ಇದೇ ಅನುಕೂಲ ಅವಸರದವರಿಗೆ ಅಪಾಯವೂ ಹೌದು, ಏಕೆಂದರೆ ಎರಡೂ ದಿಕ್ಕಿನ ರೈಲುಗಳು ಒಟ್ಟಿಗೆ ಬಂದಾಗ ತಪ್ಪು ರೈಲು ಹತ್ತುವುದು ಬಹಳ ಸುಲಭ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಅಥವಾ ಚಲ್ಲಘಟ್ಟ, ಹಸಿರು ಮಾರ್ಗದಲ್ಲಿ ಮಾದಾವರ ಅಥವಾ ರೇಷ್ಮೆ ಸಂಸ್ಥೆ ಎಂಬ ಕೊನೆಯ ನಿಲ್ದಾಣದ ಹೆಸರನ್ನು ಓದಿಯೇ ಹತ್ತಬೇಕು.

ರೈಲಿನೊಳಗೆ “ಮುಂದಿನ ನಿಲ್ದಾಣ” ಎಂಬ ದನಿ ಕೇಳುತ್ತಲೇ ಚಿಕ್ಕಮ್ಮ ತಲೆ ಎತ್ತಿದರು. “ಇದು ಅಪರ್ಣಾ ಅಲ್ಲವೇನೋ?” ಎಂದರು. ಹೌದು, ಕನ್ನಡದ ಪ್ರಕಟಣೆಗಳಿಗೆ ದನಿ ಕೊಟ್ಟವರು ನಿರೂಪಕಿ ಅಪರ್ಣಾ. 2024ರ ಜುಲೈ 11ರಂದು ಅವರು ತೀರಿಕೊಂಡರು. ಆ ವಾರ ಕಿವಿಯ ವೈರು ತೆಗೆದಿಟ್ಟು ಪ್ರಕಟಣೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬ ಪ್ರಯಾಣಿಕ. ಚಿಕ್ಕಮ್ಮ ವಿಧಾನಸೌಧ ಬರುವವರೆಗೆ ಬೇರೆ ಮಾತಾಡಲಿಲ್ಲ.

ವಿಧಾನಸೌಧ ನಿಲ್ದಾಣದಲ್ಲಿ ತಪ್ಪು ನಡೆದದ್ದು ನನ್ನಿಂದ. ಕಾಲು ತಾನಾಗಿಯೇ ನನ್ನ ನಿತ್ಯದ ದ್ವಾರದತ್ತ ನಡೆಯಿತು. ಮೇಲೆ ಬಂದು ನೋಡಿದರೆ ವಿಧಾನಸೌಧದ ಬದಲು ನಮ್ಮೆದುರು ಇದ್ದದ್ದು 1868ರ ಕೆಂಪು ಅಠಾರ ಕಚೇರಿ, ಅಂದರೆ ಇಂದಿನ ಹೈಕೋರ್ಟ್. ಚಿಕ್ಕಮ್ಮ ಅದನ್ನೇ ವಿಧಾನಸೌಧವೆಂದು ತಿಳಿದು ಕೈಮುಗಿಯಲು ಹೊರಟಿದ್ದರು. ಡಾ. ಬಿ.ಆರ್. ಅಂಬೇಡ್ಕರ್ ವೀಧಿಯಲ್ಲಿ ವಾಹನಗಳು ಬಿಡುವಿಲ್ಲದೆ ಹರಿಯುವುದರಿಂದ ಹಿರಿಯರ ಜೊತೆ ರಸ್ತೆ ದಾಟುವುದು ಹುಡುಗಾಟವಲ್ಲ. ನೆಲದಡಿಯಲ್ಲಿ ಸೂರ್ಯನಿಲ್ಲ, ಅಂಗಡಿಯ ಬೋರ್ಡಿಲ್ಲ, ದಿಕ್ಕು ಹೇಳುವ ಯಾವ ಗುರುತೂ ಇಲ್ಲ. ಎರಡು ಸಲ ತಿರುಗಿದ ಮೇಲೆ ಪೂರ್ವ ಯಾವುದು, ಪಶ್ಚಿಮ ಯಾವುದು ಎಂಬುದು ಮರೆತುಹೋಗುತ್ತದೆ. ಎತ್ತರದ ನಿಲ್ದಾಣದಲ್ಲಿ ಕೆಳಗೆ ಕಾಣುವ ರಸ್ತೆಯೇ ದಾರಿ ತೋರಿಸುತ್ತದೆ, ಇಲ್ಲಿ ಫಲಕವೊಂದೇ ಗತಿ. ಆದ್ದರಿಂದ ನನ್ನ ಮುಖ್ಯ ಸಲಹೆ ಇದು: ಯಾವ ರೈಲು ಎಂಬುದಕ್ಕಿಂತ ಯಾವ ದ್ವಾರ ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಳ್ಳಿ. ಅದಾಗದಿದ್ದರೆ, ಟಿಕೆಟ್ ಗೇಟ್ ದಾಟುವ ಮುನ್ನ ಗೋಡೆಯ ಮೇಲಿನ ನಕ್ಷೆಯ ಮುಂದೆ ಒಂದು ನಿಮಿಷ ನಿಲ್ಲಿ. ಗೇಟ್ ದಾಟಿ ತಪ್ಪು ಬದಿಗೆ ಬಿದ್ದರೆ ಆ ಒಂದು ನಿಮಿಷದ ಉಳಿತಾಯ ಕಾಲುಗಂಟೆಯ ನಡಿಗೆಯಾಗುತ್ತದೆ. ಮಧ್ಯಾಹ್ನದ ಬಿಸಿಲಾಗಿದ್ದರೆ ಚಿಕ್ಕಮ್ಮ ನನ್ನನ್ನು ಕ್ಷಮಿಸುತ್ತಿರಲಿಲ್ಲ.

ಅಲ್ಲಿಂದ ಕಬ್ಬನ್ ಉದ್ಯಾನದ ಮರಗಳ ನೆರಳಲ್ಲಿ ನಡೆದು ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋದೆವು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳ ಕಲಾಯೋಜನೆ ನಡೆದ ನಿಲ್ದಾಣ ಇದು. ಗೋಡೆಗಳನ್ನು ನೋಡುತ್ತ ನಿಲ್ಲಲು ಐದು ನಿಮಿಷ ಇಟ್ಟುಕೊಳ್ಳಿ. ಚಿನ್ನಸ್ವಾಮಿ ಕ್ರೀಡಾಂಗಣ ಪಕ್ಕದಲ್ಲೇ ಇರುವುದರಿಂದ ಕ್ರಿಕೆಟ್ ಪಂದ್ಯದ ದಿನ ಹಿರಿಯರನ್ನು, ಮಕ್ಕಳನ್ನು ಈ ನಿಲ್ದಾಣಕ್ಕೆ ಕರೆತರುವುದು ಬೇಡ. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ನಾವು ಇಳಿಯಲಿಲ್ಲ. ಸೆಂಟ್ರಲ್ ಕಾಲೇಜು, ಸಿವಿಲ್ ನ್ಯಾಯಾಲಯದ ಕಡೆ ಕೆಲಸವಿರುವವರಿಗೆ ಅದು ಹತ್ತಿರ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜೂ ಅಲ್ಲಿಂದ ದೂರವಿಲ್ಲ.

ಮೆಜೆಸ್ಟಿಕ್‌ಗೆ ಬಂದಾಗ ಚಿಕ್ಕಪ್ಪನ ಮುಖ ಅರಳಿತು. ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ ನಿಲ್ದಾಣ, ಅದರ ಪಕ್ಕ ನೆಲದೊಳಗೆ ನೇರಳೆ ಮಾರ್ಗ, ಅದರ ಕೆಳಗೆ ಅಡ್ಡಲಾಗಿ ಹಸಿರು ಮಾರ್ಗ. ಕೆರೆಯಂಗಳದಲ್ಲಿ ಇಷ್ಟು ಆಳಕ್ಕೆ ಅಗೆದವರ ಎದೆಗಾರಿಕೆಯನ್ನು ಅವರು ಹೊಗಳಿದ್ದೇ ಹೊಗಳಿದ್ದು. ನೇರಳೆಯಿಂದ ಹಸಿರಿಗೆ ಹೋಗುವವರು ಗೇಟಿನಿಂದ ಹೊರಗೆ ಹೋಗಬಾರದು, ಮೇಲಕ್ಕೂ ಹತ್ತಬಾರದು. ಹಸಿರು ಗುರುತು ಹಿಡಿದು ಕೆಳಗಿಳಿಯಬೇಕು. ಹೊಸಬರಿಗೆ ಇಲ್ಲಿ ತೊಂದರೆ ಕೊಡುವುದು ದಾರಿಯಲ್ಲ, ಜನ. ಬೆಳಗ್ಗೆ 9ರಿಂದ 10, ಸಂಜೆ 6ರಿಂದ 8ರ ನಡುವೆ ಮೆಟ್ಟಿಲುಗಳ ಮೇಲೆ ಇಡೀ ರೈಲು ಒಮ್ಮೆಲೇ ಸುರಿದಂತಿರುತ್ತದೆ. ನಿತ್ಯ ಪ್ರಯಾಣಿಕರು ತಮಗೆ ಬೇಕಾದ ಮೆಟ್ಟಿಲ ಎದುರಿಗೇ ನಿಲ್ಲುವ ಬೋಗಿಯನ್ನು ಹತ್ತುತ್ತಾರೆ. ಹಾಗಾಗಿ ಕೆಲವು ಬೋಗಿಗಳು ಉಸಿರುಗಟ್ಟುವಷ್ಟು ತುಂಬಿದ್ದರೆ ಅದೇ ರೈಲಿನ ತುದಿಯ ಬೋಗಿಯಲ್ಲಿ ನಿಲ್ಲಲು ಜಾಗವಿರುತ್ತದೆ. ಅವಸರವಿಲ್ಲದವರು ತುದಿಗೆ ನಡೆಯಿರಿ. ಆರು ಬೋಗಿಗಳ ಪೈಕಿ ಮುಂದಿನದು ಮಹಿಳೆಯರಿಗೆ ಮೀಸಲು. ಚಿಕ್ಕಮ್ಮನನ್ನು ಅದರಲ್ಲಿ ಹತ್ತಿಸಬಹುದಿತ್ತು, ಆದರೆ ಇಳಿಯುವಾಗ ಪರಸ್ಪರ ಹುಡುಕುವ ಕಷ್ಟ ಬೇಡವೆಂದು ಜೊತೆಗೇ ಇದ್ದೆವು. ಬೇರೆಯಾಗಿ ಹೋಗುವುದಾದರೆ ಎಲ್ಲಿ ಸೇರಬೇಕೆಂದು ಮೇಲೆಯೇ ಮಾತಾಡಿಕೊಳ್ಳಿ. ಕೆಳಗೆ ಫೋನ್ ಸಿಗ್ನಲ್ ಬೇಕಾದಾಗಲೇ ಕೈಕೊಡುವುದು ನನಗೆ ಹೊಸದಲ್ಲ. ಕ್ಯೂಆರ್ ಟಿಕೆಟನ್ನೂ ಮೊದಲೇ ತೆರೆದಿಟ್ಟುಕೊಳ್ಳುವುದು ಕ್ಷೇಮ.

ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಂದೆವು, ಆದರೆ ಈ ಸುರಂಗ ತೋಡಲು ಹಿಡಿದ ಕಾಲ ಕಡಿಮೆಯಲ್ಲ. ಬೆಂಗಳೂರಿನ ಅಡಿ ಒಂದು ಕಡೆ ಮೆತ್ತನೆ ಮಣ್ಣು, ಇನ್ನೊಂದು ಕಡೆ ಗಟ್ಟಿ ಗ್ರಾನೈಟ್. ಎರಡೂ ಬೆರೆತ ಕಡೆ ಕಾವೇರಿ, ಕೃಷ್ಣಾ, ಗೋದಾವರಿ ಎಂಬ ಹೆಸರಿನ ಸುರಂಗ ಯಂತ್ರಗಳು ಮತ್ತೆ ಮತ್ತೆ ಸಿಕ್ಕಿಕೊಂಡು ಕೆಲಸ ನಿಧಾನವಾಯಿತು. ನೇರಳೆ ಮಾರ್ಗದ ಸುರಂಗದಲ್ಲಿ 2016ರ ಏಪ್ರಿಲ್ ಕೊನೆಯಲ್ಲೇ ರೈಲು ಓಡಿದರೆ, ಹಸಿರು ಮಾರ್ಗದ್ದು 2017ರ ಜೂನ್‌ವರೆಗೆ ಕಾಯಬೇಕಾಯಿತು. ಚಿಕ್ಕಪೇಟೆ ನಿಲ್ದಾಣದ ದ್ವಾರದಿಂದ ಮೇಲೆ ಬಂದರೆ ತಂಪು ಗಾಳಿ ಹೋಗಿ ಗಲ್ಲಿಯ ಸೆಖೆ, ಗಾಡಿ, ಹಮಾಲರ ಕೂಗು ಒಮ್ಮೆಗೇ ಎದುರಾಗುತ್ತವೆ. ಕಾರು, ಆಟೊ ನಂಬಿ ಈ ಗಲ್ಲಿಗಳಿಗೆ ಬಂದು ಪಶ್ಚಾತ್ತಾಪ ಪಟ್ಟವರು ಸೀರೆ ತೆಗೆಯಲು ಮೆಟ್ರೊಗಿಂತ ಒಳ್ಳೆಯ ದಾರಿಯಿಲ್ಲವೆಂಬುದನ್ನು ಒಪ್ಪುತ್ತಾರೆ. ಭಾನುವಾರ ಮಾತ್ರ ಬೇಡ: ಆ ದಿನ ಮೆಟ್ರೊ ಬೆಳಗ್ಗೆ 7ಕ್ಕೆ ಶುರುವಾಗುತ್ತದೆ, ಅಂಗಡಿಗಳಲ್ಲಿ ಬಹಳಷ್ಟು ಬಾಗಿಲೇ ತೆರೆಯುವುದಿಲ್ಲ. ಸೀರೆಯ ಮೂರು ಗಂಟೆಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಮಾರುಕಟ್ಟೆ ನಿಲ್ದಾಣಕ್ಕೆ ಹೋದದ್ದು ಹೂವಿಗಾಗಿ. ಹೂವಿನ ಭರಾಟೆ ನೋಡಬೇಕೆನ್ನುವವರು ಬೆಳಗಿನ ಜಾವವೇ ಬರಬೇಕು. ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ ಎಲ್ಲವೂ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರ. 2012ರಲ್ಲಿ ಮೆಟ್ರೊ ಕಾಮಗಾರಿಗೆ ಇದೇ ಪ್ರದೇಶದಲ್ಲಿ ಅಗೆಯುವಾಗ ಟಿಪ್ಪುವಿನ ಕಾಲದ್ದೆನ್ನಲಾದ ಫಿರಂಗಿಗಳು ಮಣ್ಣಿನಡಿ ಸಿಕ್ಕಿದ್ದವು. ಇದನ್ನು ಕೇಳಿದ ಮೇಲೆ ಚಿಕ್ಕಪ್ಪ ನಿಲ್ದಾಣದ ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದರು. ಸೆಕ್ಯುರಿಟಿಯವರು ಬಂದು ಏನಾಯಿತೆಂದು ಕೇಳುವವರೆಗೂ ಬಿಡಲಿಲ್ಲ.

ಗುಲಾಬಿ ಮಾರ್ಗದ ಡೈರಿ ವೃತ್ತದಿಂದ ನಾಗವಾರದವರೆಗಿನ ಸುರಂಗ ಭಾಗ ತೆರೆದರೆ ಇನ್ನೂ 12 ನೆಲದಡಿ ನಿಲ್ದಾಣಗಳು ಸೇರುತ್ತವೆಂದು ಹೇಳಿದಾಗ, ಅಷ್ಟೂ ನೋಡಲು ಮತ್ತೆ ಬರುವುದಾಗಿ ಚಿಕ್ಕಪ್ಪ ಅಲ್ಲೇ ಘೋಷಿಸಿದರು. ಚಿಕ್ಕಮ್ಮ ಕೇಳಿಸದವರಂತೆ ಹೂವಿನ ಪೊಟ್ಟಣ ಸರಿಪಡಿಸಿಕೊಂಡರು.

ಹಿಂದಿರುಗುವಾಗ ಉಳಿದಿದ್ದ ಚಿಂತೆ ಸಾಮಾನಿನದು. ಸೀರೆಗಳ ಜೊತೆ ಹಿತ್ತಾಳೆ ಪಾತ್ರೆಗಳೂ ಸೇರಿ ಒಂದು ಚೀಲ ಉಬ್ಬಿಕೊಂಡಿತ್ತು. ಮೆಟ್ರೊದಲ್ಲಿ 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದೊಳಗಿನ, 15 ಕಿಲೊ ಮೀರದ ಒಂದು ಚೀಲಕ್ಕೆ ಹೆಚ್ಚುವರಿ ಹಣವಿಲ್ಲ. ಅದಕ್ಕಿಂತ ದೊಡ್ಡದಾದರೆ 30 ರೂಪಾಯಿಯ ಲಗೇಜ್ ಟಿಕೆಟ್ ಪಡೆಯಬೇಕು. ಮದುವೆ ಖರೀದಿಗೆ ಹೋಗುವವರು ಒಂದು ದೊಡ್ಡ ಚೀಲಕ್ಕಿಂತ ಎರಡು ಸಣ್ಣ ಚೀಲಗಳನ್ನು ಒಯ್ದು ಇಬ್ಬರು ಹಂಚಿಕೊಳ್ಳುವುದು ಮೇಲು. ನಮ್ಮ ಚಿಕ್ಕಪ್ಪ ಹಾಗೆ ಮಾಡಲಿಲ್ಲ. ಮಾರುಕಟ್ಟೆ ನಿಲ್ದಾಣದ ಸ್ಕ್ಯಾನರ್ ಮುಂದೆ ನಿಂತು, ಓವರ್‌ಸಿಯರ್ ಆಗಿದ್ದಾಗಿನಿಂದ ಜೇಬಿನಲ್ಲಿಟ್ಟುಕೊಂಡೇ ಬಂದಿರುವ ಅಳತೆ ಟೇಪನ್ನು ಹೊರತೆಗೆದು ಚೀಲದ ಮೂರೂ ಬದಿ ಅಳೆದರು. ಎತ್ತರ ಎರಡು ಬೆರಳು ಹೆಚ್ಚಿತ್ತು. ಒಂದು ಪಾತ್ರೆಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಚೀಲವನ್ನು ಒತ್ತಿ ಮತ್ತೆ ಅಳೆದು, “ಈಗ ಸರಿಯಾಯಿತು, ನಡಿ” ಎಂದರು.