ಅಡ್ಮಿಷನ್ ರಿಜಿಸ್ಟರು, ಗೆದ್ದಲು ಮತ್ತು ಜೂನ್ 1

ಹೈಸ್ಕೂಲ್ ಆಫೀಸಿನಲ್ಲಿ ಬೆಲೆಬಾಳುವ ವಸ್ತು ಯಾವುದು ಅಂತ ಕೇಳಿದರೆ ಹೊಸಬರು ಕಂಪ್ಯೂಟರ್ ಕಡೆ ಕೈ ತೋರಿಸುತ್ತಾರೆ. ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದ ನನ್ನನ್ನು ಕೇಳಿದರೆ, ಶಾಲೆಗೆ ಸೇರಿದ ಮಕ್ಕಳ ವಿವರ ಬರೆಯುವ ಅಡ್ಮಿಷನ್ ರಿಜಿಸ್ಟರು. ಹಾಜರಿ ಪುಸ್ತಕ, ಕ್ಯಾಶ್ ಬುಕ್, ದಾಸ್ತಾನು ವಹಿ ಎಲ್ಲವೂ ಬೇಕು, ನಿಜ. ಆದರೆ ಆಡಿಟ್ ಮುಗಿದ ಮೇಲೆ ಅವನ್ನು ಕೇಳಿಕೊಂಡು ಬರುವವರು ಕಡಿಮೆ. ಅಡ್ಮಿಷನ್ ರಿಜಿಸ್ಟರು ಹಾಗಲ್ಲ.

ಒಂದು ವರ್ಷ ಪುಷ್ಯ ಮಳೆ ಹೊಡೆಯುತ್ತಿದ್ದಾಗ ಒಬ್ಬರು ಕೊಡೆ ಮಡಚುತ್ತಾ ಒಳಗೆ ಬಂದರು. ತಲೆ ಅರ್ಧ ನರೆತಿತ್ತು. ಬೆಂಗಳೂರಿನ ಹೋಟೆಲಿನಲ್ಲಿ ಅಡುಗೆ ಕೆಲಸವಂತೆ, ದುಬೈಗೆ ಹೋಗುವ ಅವಕಾಶ ಬಂದಿದೆಯಂತೆ. ಪಾಸ್‌ಪೋರ್ಟಿಗೆ ಜನನ ಪತ್ರ ಇಲ್ಲ. "ಎಂಟನೇ ಕ್ಲಾಸ್ ಮಧ್ಯ ಬಿಟ್ಟೆ ಮೇಡಂ. ಟಿಸಿ ತಗಂಡಿರ್ಲಿಲ್ಲ. ನನ್ನ ಹೆಸರು ಇನ್ನೂ ಇರ್ತದಾ?"

ಇತ್ತು. ಹಳೇ ಸಂಪುಟ ಬೂಸಲು ವಾಸನೆ ಹೊಡೆಯುತ್ತಿದ್ದರೂ ಅಕ್ಷರ ಗಟ್ಟಿಯಾಗಿತ್ತು. ಅಪ್ಪನ ಹೆಸರು, ಊರು, ಹಿಂದಿನ ಶಾಲೆ, ಎಲ್ಲವೂ ಇದ್ದವು. ಹುಟ್ಟಿದ ದಿನ ಜೂನ್ 1! ನಮ್ಮ ತಲೆಮಾರಿನ ಅರ್ಧ ಜನ ಅವತ್ತೇ ಹುಟ್ಟಿದ್ದು, ಅಲ್ವಾ? ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಶಾಲೆ ಶುರುವಾಗುವ ದಿನವನ್ನೇ ಬರೆದುಬಿಡುತ್ತಿದ್ದರು. ಅದು ಪ್ರೈಮರಿ ಟಿಸಿಯಿಂದ ಹೈಸ್ಕೂಲಿಗೆ, ಅಲ್ಲಿಂದ ಎಸ್ಎಸ್ಎಲ್‌ಸಿ ಅಂಕಪಟ್ಟಿಗೆ, ಕೊನೆಗೆ ಸರ್ವಿಸ್ ರಿಜಿಸ್ಟರಿಗೆ ನಡೆದುಕೊಂಡು ಹೋಗುತ್ತಿತ್ತು. ಮೇ 31ಕ್ಕೆ ಸರ್ಕಾರಿ ಆಫೀಸುಗಳಲ್ಲಿ ನಿವೃತ್ತರಿಗೆ ಅಷ್ಟೊಂದು ಬೀಳ್ಕೊಡುಗೆ ನಡೆಯೋದು ಸುಮ್ನೆ ಅಲ್ಲ. ನೌಕರಿಗೆ ಸೇರಿದ ಮೇಲೆ ವಯಸ್ಸು ತಿದ್ದಿಸಲು 1974ರ ರಾಜ್ಯ ಕಾಯ್ದೆ 3 ವರ್ಷದ ಗಡುವು ಹಾಕಿದೆ. ಆಮೇಲೆ ಅತ್ತರೂ ಇಲ್ಲ.

2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಅದಕ್ಕಿಂತ ಮೊದಲು ಹುಟ್ಟಿದ ಎಷ್ಟೋ ಜನರಿಗೆ ಈಗಲೂ ಶಾಲೆಯ ಕಾಗದವೇ ಗತಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಕೇಳುವ ಮಕ್ಕಳೂ 1ರಿಂದ 10ರವರೆಗೆ ಎಲ್ಲಿ ಓದಿದರು, ಯಾವ ಮಾಧ್ಯಮದಲ್ಲಿ ಓದಿದರು ಅಂತ ತೋರಿಸಬೇಕು. ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇರೆ. ಮಾಧ್ಯಮದ ಕಾಲಂ ಖಾಲಿ ಬಿಟ್ಟಿದ್ದರೆ ಹೆಡ್‌ಮಾಸ್ಟರು ಏನು ನೋಡಿ ಸಹಿ ಹಾಕಬೇಕು?

ನಮ್ಮ ಕಡೆ ಇದಕ್ಕೆಲ್ಲ ಶತ್ರು ಮಳೆ. ನಾನು ಕಂಡ ಒಂದು ಶಾಲೆಯಲ್ಲಿ ರಿಜಿಸ್ಟರುಗಳನ್ನು ಹೆಂಚು ಸೋರುವ ಕೋಣೆಯಲ್ಲಿ ನೆಲದ ಮೇಲೆ ಪೇರಿಸಿದ್ದರು. ಮೇಲಿನ ರಟ್ಟು ಚೆನ್ನಾಗಿಯೇ ಕಾಣುತ್ತಿತ್ತು. ಎತ್ತಿದರೆ ಒಳಗೆ ಗೆದ್ದಲಿನ ಮಣ್ಣು. ಆ ವರ್ಷಗಳಲ್ಲಿ ಅಲ್ಲಿ ಓದಿದವರು ಯಾರಾದರೂ ಬಂದರೆ ಏನು ಕೊಡುತ್ತಾರೋ!

ಮಕ್ಕಳ ವಿವರ ಕಂಪ್ಯೂಟರಿನಲ್ಲೇ ಇಡುವ ಸ್ಯಾಟ್ಸ್ ಬಂದಿದೆ, ಇನ್ನೇಕೆ ಹಳೇ ಪುಸ್ತಕ ಅನ್ನುತ್ತಾರೆ. ಸ್ಯಾಟ್ಸ್‌ನಲ್ಲಿ ಈಗಿನ ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮ ಇಲ್ಲ. ಹಾಗಾಗಿ ಬೀರುವನ್ನು ಗೋಡೆಯಿಂದ ಒಂದು ಮೊಳ ಈಚೆ ಇಡಿ, ಕಾಲಿಗೆ ಇಟ್ಟಿಗೆ ಕೊಡಿ. ಮಳೆ ಬಿಟ್ಟ ಮೇಲೆ ಪುಟಗಳಿಗೆ ಗಾಳಿಯಾಡಿಸಿ. ಜೆಲ್ ಪೆನ್ ಬೇಡ, ತೇವಕ್ಕೆ ಹರಡಿಬಿಡುತ್ತದೆ. ತಪ್ಪಾದರೆ ಬಿಳಿ ಹಚ್ಚಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಹೆಡ್‌ಮಾಸ್ಟರ ಸಹಿ ಹಾಕಿಸಿ. ತಂದೆಯ ಬಾಯಲ್ಲಿ ಒಂದು ಹೆಸರು, ಟಿಸಿಯಲ್ಲಿ ಒಂದು ಹೆಸರು ಇದ್ದರೆ ಅವತ್ತೇ ಕೂತು ಬಗೆಹರಿಸಿ. ದ್ಯಾವಪ್ಪ, ದೇವಪ್ಪ ಆಗಲು ಆಮೇಲೆ ಅಫಿಡವಿಟ್ ಬೇಕಾಗುತ್ತದೆ.

ರಿಜಿಸ್ಟರು ಕಳೆದುಹೋಗೋದು ಜಾಸ್ತಿ ವರ್ಗಾವಣೆಯ ಸಮಯದಲ್ಲೇ. "ಹಳೇ ರಿಜಿಸ್ಟರುಗಳು, ಒಂದು ಕಟ್ಟು" ಅಂತ ಚಾರ್ಜ್ ಪಟ್ಟಿಯಲ್ಲಿ, ಅಂದರೆ ಅಧಿಕಾರ ಒಪ್ಪಿಸುವ ಪಟ್ಟಿಯಲ್ಲಿ, ಬರೆದರೆ ಯಾರು ಹೊಣೆ? ನಾನು ಪ್ರತಿ ಸಂಪುಟದ ಮೊದಲ ನಂಬರು, ಕೊನೆಯ ನಂಬರು, ಹರಿದ ಪುಟ ಎಲ್ಲ ಬರೆದಿದ್ದೆ. ಚಾರ್ಜ್ ತೆಗೆದುಕೊಂಡ ಹುಡುಗ ಪಟ್ಟಿಯ ಉದ್ದ ನೋಡಿ ನಕ್ಕ. ನಗಲಿ ಬಿಡಿ. ಪುಟಪುಟಕ್ಕೂ ಸಹಿ ಹಾಕಿಸಿಕೊಂಡೇ ಎದ್ದೆ.