ಕಪ್ಲಿಂಗ್ ಬದಲಿಸುವ ಮೊದಲು ನಾಲ್ಕೂ ಟೈರ್ ಅಳೆಯಿರಿ

ಕಳೆದ ಮಳೆಗಾಲದಲ್ಲಿ ಮಡಿಕೇರಿ ಕಡೆಯ ಕಾಫಿ ಎಸ್ಟೇಟೊಂದರ ಆಲ್ ವೀಲ್ ಡ್ರೈವ್ ಗಾಡಿಯೊಂದು ನಮ್ಮ ವರ್ಕ್‌ಶಾಪಿಗೆ ಬಂದಿತ್ತು. ಏರು ಹತ್ತುವಾಗ ಫೋರ್ ವೀಲ್ ದೀಪ ಮಿನುಗುತ್ತದೆ, ಆಮೇಲೆ ಮುಂದಿನ ಚಕ್ರಗಳು ಮಾತ್ರ ತಿರುಗುತ್ತವೆ ಎಂಬುದು ಜಾಬ್ ಕಾರ್ಡಿನಲ್ಲಿದ್ದ ದೂರು. ಸ್ಕ್ಯಾನರ್ ಹಾಕಿದಾಗ ಹಿಂದಿನ ಕಪ್ಲಿಂಗ್, ಅಂದರೆ ಎಂಜಿನ್ನಿನ ಬಲವನ್ನು ಬೇಕಾದಾಗ ಹಿಂದಿನ ಚಕ್ರಗಳಿಗೂ ಜೋಡಿಸುವ, ಎಣ್ಣೆಯೊಳಗಿನ ಪ್ಲೇಟುಗಳ ಭಾಗ, ಅತಿಯಾಗಿ ಬಿಸಿಯಾಗಿದೆ ಎಂಬ ದೋಷದ ಕೋಡ್ ಸಿಕ್ಕಿತು. ಕೋಡ್ ಸಿಕ್ಕಿದ್ದೇ ತಡ, ಕಪ್ಲಿಂಗ್ ಹೋಗಿದೆ ಎಂದು ತೀರ್ಮಾನವಾಗಿ, ಇಡೀ ಅಸೆಂಬ್ಲಿಯ ಎಸ್ಟಿಮೇಟ್ ಸಿದ್ಧವಾಯಿತು. ತಿಂಗಳ ಪಾರ್ಟ್ಸ್ ಟಾರ್ಗೆಟ್ ಬಾಕಿಯಿದ್ದುದರಿಂದ ಮ್ಯಾನೇಜರ್ ಸಾಹೇಬರು ಮರುಮಾತಿಲ್ಲದೆ ಸಹಿ ಹಾಕಿದರು. ಟ್ರಯಲ್ ನೋಡದೆ ಗ್ರಾಹಕರಿಗೆ ಆ ಮೊತ್ತವನ್ನು ಹೇಳಬಾರದೆಂದು ನಾನು ಹಟ ಹಿಡಿದೆ.

ಎಸ್ಟೇಟಿನ ಡ್ರೈವರ್ ಅಣ್ಣ ಸ್ಟೇರಿಂಗ್ ಹಿಡಿದರು, ನಾನು ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕುಳಿತೆ. ಏರು ಇನ್ನೂ ದೂರವಿತ್ತು. ನೇರವಾದ ಡಾಂಬರು ರಸ್ತೆಯಲ್ಲಿ, ಯಾವ ಚಕ್ರವೂ ಜಾರದಿರುವಾಗಲೇ, ಹಿಂದಿನ ಚಕ್ರಗಳ ವೇಗ ಗಂಟೆಗೆ 40 ಕಿ.ಮೀ. ಎಂದು ತೋರಿಸಿದರೆ ಮುಂದಿನವುಗಳದು 40.6 ಇತ್ತು. ಈ ಅಂತರ ಒಂದೇ ಸಮನೆ ಉಳಿಯಿತು, ಕಪ್ಲಿಂಗ್ ಎಣ್ಣೆಯ ತಾಪ ಮೆಲ್ಲಗೆ ಏರುತ್ತಲೇ ಹೋಯಿತು.

ಎಸ್ಟೇಟಿನ ಕೆಂಪು ಮಣ್ಣಿನ ಏರಿನ ತಿರುವಿನಲ್ಲಿ ದೀಪ ಮಿನುಗಿತು. ಮುಂದಿನ ಚಕ್ರಗಳು ಕೆಸರು ತೋಡತೊಡಗಿದವು, ಗಾಡಿ ಎಡಗಡೆಯ ಚರಂಡಿಯತ್ತ ಹಿಂದಕ್ಕೆ ಜಾರಿತು. ಡ್ರೈವರ್ ಅಭ್ಯಾಸಬಲದಿಂದ ಆಕ್ಸಿಲರೇಟರ್ ಇನ್ನಷ್ಟು ಒತ್ತಿದರು. ‘ಅಣ್ಣಾ, ಕಾಲು ತೆಗೀರಿ, ಹ್ಯಾಂಡ್‌ಬ್ರೇಕ್ ಎಳೀರಿ’ ಎಂದು ಕೂಗಿ, ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಮಳೆಯಲ್ಲಿ ನಿಂತು ತಾಪ ಇಳಿಯುವವರೆಗೆ ಕಾಯುವುದಷ್ಟೇ ಉಳಿದಿತ್ತು. ಎಣ್ಣೆ ತಣಿದು ದೀಪ ಆರಿದ ಮೇಲೆ ಮೆಲ್ಲಗೆ ಮುಂದೆ ಬಿಟ್ಟಾಗ ಹಿಂದಿನ ಚಕ್ರಗಳು ಹಿಡಿದುಕೊಂಡು ಗಾಡಿ ಏರು ಹತ್ತಿತು. ಪೂರ್ತಿ ಹಾಳಾದ ಕಪ್ಲಿಂಗ್ ತಣಿದ ಮಾತ್ರಕ್ಕೆ ಹೀಗೆ ಕೆಲಸ ಮಾಡುವುದಿಲ್ಲ. ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ಬಿಟ್ಟುಕೊಟ್ಟಿತ್ತು.

ಮರಳಿ ಬಂದು ಗೇಜ್ ಹಿಡಿದಾಗ ಹಿಂದಿನ ಟೈರುಗಳ ಗ್ರೂವ್, ಅಂದರೆ ಮೇಲ್ಮೈಯ ಗೆರೆಗಳ ಆಳ, 8 ಮಿ.ಮೀ. ಇತ್ತು, ಮುಂದಿನವುಗಳದು 3. ಎರಡೇ ಹೊಸ ಟೈರು ಕೊಂಡರೆ ಹಿಂದಕ್ಕೆ ಹಾಕಬೇಕೆಂಬುದು ಟೂ ವೀಲ್ ಡ್ರೈವ್ ಗಾಡಿಗೆ ಸರಿಯಾದ ಸಲಹೆ, ಟೈರ್ ಅಂಗಡಿಯವರು ಅದನ್ನೇ ಪಾಲಿಸಿದ್ದರು. ಆದರೆ 215/65 ಆರ್16 ಅಳತೆಯ ಹೊಸ ಟೈರು ಕಿಲೋಮೀಟರಿಗೆ ಸುಮಾರು 464 ಸುತ್ತು ತಿರುಗಿದರೆ, 5 ಮಿ.ಮೀ. ಸವೆದು ಚಿಕ್ಕದಾದದ್ದು ಸುಮಾರು 471 ಸುತ್ತು ತಿರುಗುತ್ತದೆ. ಮುಂದಿನ ಚಕ್ರ ಜಾರುತ್ತಿದೆ ಎಂದು ಕಂಟ್ರೋಲ್ ಯೂನಿಟ್ ಇದನ್ನೇ ತಿಳಿದು ಕಪ್ಲಿಂಗಿನ ಪ್ಲೇಟುಗಳನ್ನು ಮತ್ತೆ ಮತ್ತೆ ಒತ್ತುತ್ತದೆ, ಪ್ಲೇಟುಗಳು ಎಣ್ಣೆಯೊಳಗೆ ಉಜ್ಜಿಕೊಳ್ಳುತ್ತಲೇ ಇರುತ್ತವೆ, ನಿಜವಾಗಿ ಬೇಕಾಗುವ ಏರಿನ ಹೊತ್ತಿಗೆ ಬಿಸಿಯಾಗಿ ಕೈಬಿಡುತ್ತವೆ.

ಈ ಗೊಂದಲಕ್ಕೆ ಶೋರೂಮಿನವರು ಹೇಳುವ ‘50:50’, ಅಂದರೆ ಟಾರ್ಕ್ (ಚಕ್ರ ತಿರುಗಿಸುವ ಬಲ) ಮುಂದಕ್ಕೂ ಹಿಂದಕ್ಕೂ ಅರ್ಧರ್ಧ ಹೋಗುತ್ತದೆ ಎಂಬ ಮಾತು ಕೂಡ ಕಾರಣ. ಇಂಥ ಗಾಡಿಗಳಲ್ಲಿ ಪ್ಲೇಟು ಸಡಿಲವಾಗಿದ್ದಾಗ ಹೆಚ್ಚುಕಡಿಮೆ ಎಲ್ಲ ಟಾರ್ಕ್ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಪೂರ್ತಿ ಬಿಗಿದಾಗ ಸಮನಾಗುವುದು ಮುಂದಿನ ಮತ್ತು ಹಿಂದಿನ ಡ್ರೈವಿನ ವೇಗವೇ ಹೊರತು ಟಾರ್ಕ್ ಅಲ್ಲ. ನೆಲ ಎಲ್ಲಿ ಹಿಡಿತ ಕೊಡುತ್ತದೋ ಟಾರ್ಕ್ ಅಲ್ಲಿಗೆ ಹೋಗುತ್ತದೆ, ಮುಂದಿನ ಚಕ್ರಗಳು ಕೆಸರಿನಲ್ಲಿದ್ದರೆ ಗಾಡಿಯನ್ನು ದೂಡುವುದು ಬಹುಪಾಲು ಹಿಂದಿನ ಚಕ್ರಗಳೇ. ಟಾರ್ಕನ್ನು ನಿಜವಾಗಿ ಸಮನಾಗಿ ಹಂಚುವುದು 1980ರ ಆಡಿ ಕ್ವಾಟ್ರೊದಲ್ಲಿದ್ದಂಥ ಸಾದಾ ಸೆಂಟರ್ ಡಿಫರೆನ್ಷಿಯಲ್ (ಮುಂದಿನ ಮತ್ತು ಹಿಂದಿನ ಡ್ರೈವಿನ ನಡುವಿನ ಗೇರ್ ಜೋಡಣೆ), ಮತ್ತು ಅದರ ದೌರ್ಬಲ್ಯವೂ ಅದೇ: ಮುಂದಿನ ಚಕ್ರ ಜಾರಿದರೆ ಅದಕ್ಕೆ ದಕ್ಕುವ ಅಲ್ಪ ಟಾರ್ಕಿನಷ್ಟೇ ಹಿಂದಕ್ಕೂ ಸಿಗುತ್ತದೆ. ಅದಕ್ಕಾಗಿಯೇ ಆ ಕಾರಿನಲ್ಲಿ ಚಾಲಕ ಹಾಕಬಹುದಾದ ಲಾಕ್ ಇಟ್ಟಿದ್ದರು. ಸಮಟಾರ್ಕ್ ಮತ್ತು ಸಮವೇಗದ ಈ ವ್ಯತ್ಯಾಸ ನಮ್ಮ ಹುಡುಗರಿಗೆ ತಿಳಿದಿದ್ದರೆ, 40 ಮತ್ತು 40.6ರ ಅಂತರವನ್ನು ಯಾರಾದರೂ ಮೊದಲ ದಿನವೇ ಹಿಡಿಯುತ್ತಿದ್ದರು. ತರಬೇತಿಯಲ್ಲಿ ಕೋಡ್ ಓದುವುದನ್ನು ಕಲಿಸುತ್ತಾರೆ, ಗಾಡಿ ಓಡುವಾಗ ಸ್ಕ್ಯಾನರಿನಲ್ಲಿ ಕಾಣುವ ಲೈವ್ ಡೇಟಾ ಓದುವುದಕ್ಕೆ ಸಮಯ ಕೊಡುವುದಿಲ್ಲ.

ಹಿಂದಿನವುಗಳಿಗೆ ಹೊಂದುವ ಅದೇ ಕಂಪನಿಯ, ಅದೇ ಮಾದರಿಯ ಎರಡು ಟೈರುಗಳನ್ನು ಮುಂದಕ್ಕೂ ಹಾಕಿಸಿ, ಬಿಸಿಯಲ್ಲಿ ಬೆಂದಿದ್ದ ಕಪ್ಲಿಂಗ್ ಎಣ್ಣೆ ಬದಲಿಸಿ ಕಳುಹಿಸಿದೆವು. ಅದೇ ಏರಿನಲ್ಲಿ ಮತ್ತೆ ಟ್ರಯಲ್ ನೋಡಿದಾಗ ತಾಪ ಹತೋಟಿಯಲ್ಲಿತ್ತು, ದೀಪ ಹತ್ತಲಿಲ್ಲ. ಬಿಲ್ ಕಡಿಮೆಯಾದ ಬಗ್ಗೆ ಮೀಟಿಂಗಿನಲ್ಲಿ ಪ್ರಶ್ನೆ ಬಂದಿತು, ಕಾರಣದ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮ ಜಾಬ್ ಕಾರ್ಡಿನಲ್ಲಿ ಬಾಡಿಯ ಗೀರು, ಇಂಧನದ ಮಟ್ಟ, ಸ್ಟೆಪ್ನಿ, ಜಾಕ್ ಎಲ್ಲಕ್ಕೂ ಜಾಗವಿದೆ. ನಾಲ್ಕು ಟೈರುಗಳ ಗ್ರೂವ್ ಆಳ ಬರೆಯಲು ಒಂದು ಸಾಲು ಸೇರಿಸಿ ಎಂದು ನಾನು ಕೊಟ್ಟ ಅರ್ಜಿಗೆ ಈವರೆಗೆ ಉತ್ತರ ಬಂದಿಲ್ಲ.