ಸಮುದ್ರವೇ ಇಲ್ಲದ ಕೊಡಗಿನಿಂದ ಅಪ್ಪ ನೇವಿಗೆ ಹೋಗಿದ್ದು ಯಾಕೆ?

"ಕೊಡಗಿನವರು ಅಂದ್ರೆ ಆರ್ಮಿ ಅಲ್ವಾ? ನಿಮ್ಮ ಅಪ್ಪ ಹೇಗೆ ನೇವಿಗೆ ಹೋದ್ರು?"

ಇದನ್ನು ಶಾಲೆಯಲ್ಲಿ ಮೇಷ್ಟ್ರು ಕೇಳಿದ್ದಾರೆ, ನನ್ನ ಮದುವೆ ಮಾತುಕತೆಗೆ ಬಂದವರು ಕೇಳಿದ್ದಾರೆ, ಬೆಂಗಳೂರಿನ ಆಫೀಸಿನಲ್ಲಂತೂ ಲೆಕ್ಕ ಇಲ್ಲ. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಮಾದಕ್ಕೆ, ಅಂದರೆ ತಿಥಿಗೆ, ಬಂದವರಲ್ಲೂ ಒಬ್ಬರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

ಕೇಳುವುದು ಸಹಜ. ಇದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆ. ತಿಮ್ಮಯ್ಯನವರು ಹುಟ್ಟಿ ಬೆಳೆದ ಮಡಿಕೇರಿಯ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ ಆಗಿದೆ. ನಮ್ಮ ಮನೆಯಲ್ಲೂ ಅಜ್ಜ ಆರ್ಮಿ, ದೊಡ್ಡಪ್ಪ ಆರ್ಮಿ. ಸಮುದ್ರಕ್ಕೂ ನಮಗೂ ಏನು ಸಂಬಂಧ? ಕಾವೇರಿ ಹುಟ್ಟುವುದು ಇಲ್ಲಿ, ಸಮುದ್ರ ಸೇರುವುದು ದೂರದ ತಮಿಳುನಾಡಿನಲ್ಲಿ.

ಅಪ್ಪನನ್ನೇ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. "ಆರ್ಮಿಯಲ್ಲಿ ನಾವು ನಡೀಬೇಕು, ನೇವಿಯಲ್ಲಿ ಹಡಗೇ ನಡೆಯುತ್ತೆ" ಅನ್ನುವುದು ನೆಂಟರಿಗೆ. ಮಕ್ಕಳಿಗೆ ಹೇಳಿದ್ದು, ಬಿಳಿ ಯೂನಿಫಾರ್ಮ್ ಆಸೆಗೆ ಹೋದೆ ಅಂತ. ನಿಜವಾದ ಕಾರಣವನ್ನು ಅವ್ವನಿಗೆ ಮಾತ್ರ ಹೇಳಿದ್ದರು.

ಅಪ್ಪ ಅಜ್ಜನ ಕೊನೆಯ ಮಗ. ಆಸ್ತಿ ಭಾಗವಾದರೆ ಸ್ವಲ್ಪ ತೋಟ, ಚೂರು ಗದ್ದೆ ಅಷ್ಟೇ ಅಂತ ಚಿಕ್ಕ ವಯಸ್ಸಿನಲ್ಲೇ ಗೊತ್ತಿತ್ತು. ಅದನ್ನು ನಂಬಿ ಸಂಸಾರ ನಡೆಯಲ್ಲ. ಕೈಯಲ್ಲಿ ಒಂದು ಕಸುಬು ಬೇಕು. "ಗುಂಡು ಹೊಡೆಯೋದು ನಮಗೆ ಹೇಗೂ ಬರುತ್ತೆ. ರಿಟೈರ್ ಆದ ಮೇಲೆ ಅದಕ್ಕೆ ಯಾರು ಕೂಲಿ ಕೊಡ್ತಾರೆ?" ಇದು ಅವರ ಲೆಕ್ಕ. ನೇವಿಯಲ್ಲಿ ಎಂಜಿನ್ ಕೆಲಸ ಕಲಿಸುತ್ತಾರೆ, ಸಂಬಳವನ್ನೂ ಕೊಡುತ್ತಾರೆ ಅಂತ ಯಾರೋ ಹೇಳಿದ್ದರಂತೆ. ಸುದ್ದಿ ತಿಳಿದ ಅಜ್ಜ, "ನೀರಿನ ಮೇಲೆ ನಿಂತು ಯಾರಿಗೆ ಹೊಡೀತೀಯ?" ಅಂತ ಕೇಳಿ, ಮಗ ರೈಲು ಹತ್ತುವವರೆಗೂ ಮಾತು ಬಿಟ್ಟಿದ್ದರು. ಅಂದ ಹಾಗೆ, ರೈಲು ಹತ್ತೋಕೂ ಮೈಸೂರಿಗೆ ಹೋಗಬೇಕಿತ್ತು. ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ.

ಅಂದರೆ ಊರು ಬಿಡುವಾಗಲೇ ವಾಪಸ್ ಬಂದು ಏನು ಮಾಡಬೇಕು ಅಂತ ಯೋಚಿಸಿ ಬಿಟ್ಟಿದ್ದರು. ಎಷ್ಟೋ ಜನಕ್ಕೆ ಈ ಉತ್ತರ ರುಚಿಸಲ್ಲ. ಸಾಹಸದ ಕಥೆ ಬೇಕು ಅವರಿಗೆ.

ಅದೂ ಒಂದಿದೆ. ಲೋನಾವಳದಲ್ಲಿರುವ ನೇವಿಯ ತರಬೇತಿ ಕೇಂದ್ರ ಐಎನ್ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತ ಮೇಲೆ ಅಪ್ಪ ಹೋಗಿದ್ದು ವಿಕ್ರಾಂತ್‌ಗೆ. ನಮ್ಮ ದೇಶದ ಮೊದಲ ವಿಮಾನವಾಹಕ ಹಡಗು, 1961ರಲ್ಲಿ ನೇವಿಗೆ ಸೇರಿದ್ದು. 1971ರ ಯುದ್ಧದಲ್ಲಿ ಅಪ್ಪ ಅದರ ಬಾಯ್ಲರ್ ರೂಮಿನಲ್ಲಿದ್ದರು. ಆ ಹಡಗು ಓಡುತ್ತಿದ್ದುದು ಹಬೆಯಿಂದ. ಒಟ್ಟು ನಾಲ್ಕು ಬಾಯ್ಲರ್. ಯುದ್ಧಕ್ಕೆ ಮೊದಲೇ ಒಂದರಲ್ಲಿ ಬಿರುಕು ಬಿಟ್ಟಿತ್ತು. ಉಳಿದ ಮೂರರಲ್ಲೇ ಎಲ್ಲಾ ಆಗಬೇಕು. ಹಡಗು ಸಾಕಷ್ಟು ವೇಗದಲ್ಲಿ ಓಡಿದರೆ ಮಾತ್ರ ಮೇಲಿನ ಡೆಕ್‌ನಿಂದ ವಿಮಾನ ಏರುವುದಕ್ಕೆ ಬೇಕಾದ ಎದುರುಗಾಳಿ ಸಿಗುತ್ತದೆ. ವಿಮಾನವನ್ನು ಮುಂದಕ್ಕೆ ಎಸೆಯುವ ಯಂತ್ರಕ್ಕೂ ಹಬೆಯೇ ಬೇಕು. ಹಬೆ ಕಡಿಮೆಯಾದರೆ ವಿಕ್ರಾಂತ್ ಇದ್ದೂ ಇಲ್ಲದ ಹಾಗೆ. ಈ ಕಾರಣಕ್ಕೇ ಅದನ್ನು ಯುದ್ಧಕ್ಕೆ ಕಳಿಸಬೇಕೋ ಬೇಡವೋ ಅಂತ ಚರ್ಚೆ ನಡೆದಿತ್ತು.

ಕೊನೆಗೆ ಬಂಗಾಳ ಕೊಲ್ಲಿಗೆ ಕಳಿಸಿದರು. ಡಿಸೆಂಬರ್ 4ರಂದು ಅದರ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ವಿಕ್ರಾಂತನ್ನು ಹುಡುಕಿಕೊಂಡು ಬಂದಿದ್ದ ಪಾಕಿಸ್ತಾನದ ಘಾಜಿ ಸಬ್‌ಮರೀನ್ ವಿಶಾಖಪಟ್ಟಣದ ಹತ್ತಿರ ಮುಳುಗಿತು.

ಇದೆಲ್ಲ ನನಗೆ ಗೊತ್ತಾಗಿದ್ದು ಓದಿ. ಅಪ್ಪ ಹೇಳುತ್ತಿದ್ದುದು ಬೇರೆ. "ಏನು ನೋಡಿದಿರಿ ಅಪ್ಪ?" ಅಂದರೆ, "ಗೇಜ್ ನೋಡಿದೆ" ಅನ್ನುತ್ತಿದ್ದರು. ಹಬೆಯ ಒತ್ತಡ ತೋರಿಸುವ ಮೀಟರ್ ಅದು. ಯುದ್ಧದಲ್ಲಿ ಏನಾಗುತ್ತಿದೆ ಅಂತ ಅವರಿಗೆ ತಿಳಿಯುತ್ತಿದ್ದುದು ಮೈಕಿನಲ್ಲಿ ಹೇಳಿದಾಗ ಮಾತ್ರ. ಕೆಳಗೆ ಇದ್ದುದು ಬೆಂಕಿ, ಎಣ್ಣೆ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ಕೊಡಗಿನ ಚಳಿಯಲ್ಲಿ ಬೆಳೆದ ಹುಡುಗನಿಗೆ ಆ ಶೆಖೆ ಹೇಗಿದ್ದಿರಬೇಕು! ಕಿಟಕಿ ಇಲ್ಲದ ಜಾಗದಲ್ಲಿ ದುಡಿದವರಿಗೆ ಸಮುದ್ರ ಎಲ್ಲಿ ಕಾಣಬೇಕು? ನನಗಂತೂ ಅವರ ನೇವಿ ಬದುಕಿನಲ್ಲಿ ತುಂಬ ಇಷ್ಟದ ವಿಷಯ ಇದೇ.

ಆ ಸದ್ದಿಗೆ ಎಡಗಿವಿ ಹೋಯಿತು. ಫೋನಿನಲ್ಲಿ ಅಪ್ಪ ಮಾತಾಡಿದರೆ ಪಕ್ಕದಲ್ಲಿ ತೋಟದ ಕೆಲಸದವರಿದ್ದ ಲೈನ್‌ಮನೆಗೂ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದು ಉಳಿದಿದ್ದೇ ಇಲ್ಲ.

ಅವರು ಹಡಗಿನಲ್ಲಿದ್ದಾಗ ಬರೆದ ಇನ್‌ಲ್ಯಾಂಡ್ ಪತ್ರಗಳನ್ನು ಅವ್ವ ಬಿಸ್ಕತ್ ಡಬ್ಬದಲ್ಲಿ ಇಟ್ಟುಕೊಂಡಿದ್ದಾರೆ. ಪ್ರತಿ ಪತ್ರದ ಮೂಲೆಯಲ್ಲೂ ನಂಬರ್ ಇದೆ. ಹಡಗು ಬಂದರಿಗೆ ಬಂದಾಗಲೇ ಅಂಚೆ ಹೋಗಬೇಕಲ್ಲ, ಒಂದಷ್ಟು ಪತ್ರ ಒಟ್ಟಿಗೇ ಬಂದುಬಿಡುತ್ತಿದ್ದವು. ಯಾವುದನ್ನು ಮೊದಲು ಓದಬೇಕು ಅಂತ ಅವ್ವನಿಗೆ ಗೊತ್ತಾಗಲಿ ಅಂತ ಈ ನಂಬರ್. ಒಳಗೆ ಅಲೆ, ಸೂರ್ಯಾಸ್ತ ಏನೂ ಇಲ್ಲ. ಕರಿಮೆಣಸು ಕೊಯ್ದು ಆಯಿತಾ? ಕೆಂಪು ಹಸು ಕರು ಹಾಕಿತಾ? ಮಗುವಿಗೆ ಕೆಮ್ಮು ಕಡಿಮೆಯಾಯಿತಾ? ಬರೀ ಪ್ರಶ್ನೆಗಳು. ಕೊಚ್ಚಿಯಲ್ಲಿದ್ದ ಕಾಲದಲ್ಲಿ ರಜೆ ಸಿಕ್ಕರೆ ರೈಲಿನಲ್ಲಿ ಕಣ್ಣೂರಿಗೆ ಬಂದು, ಇರಿಟ್ಟಿ, ಮಾಕುಟ್ಟ ದಾಟಿ ಬಸ್ಸಿನಲ್ಲಿ ವಿರಾಜಪೇಟೆ ಸೇರುತ್ತಿದ್ದರು. ಹುತ್ತರಿ ಹಬ್ಬಕ್ಕೆ ರಜೆ ಸಿಗದ ವರ್ಷವೇ ಜಾಸ್ತಿ. ಆಗೆಲ್ಲ ತೋಟ, ಗದ್ದೆ, ಅತ್ತೆ-ಮಾವ, ಮಕ್ಕಳು ಎಲ್ಲಾ ಅವ್ವನ ತಲೆ ಮೇಲೆ. ಅಪ್ಪನ ಸರ್ವೀಸಿಗೆ ಮೆಡಲ್ ಇದೆ, ಅವ್ವನದಕ್ಕೆ ಬಿಸ್ಕತ್ ಡಬ್ಬ.

ಹದಿನೈದು ವರ್ಷ ಮುಗಿದ ಕೂಡಲೇ ಪೆನ್ಶನ್ ತೆಗೆದುಕೊಂಡು ಬಂದುಬಿಟ್ಟರು. ಆಮೇಲೆ ಅವರ ಲೆಕ್ಕ ನಿಜವಾಯಿತು. ನಮ್ಮ ಕಡೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕು. ಹೂವಾದ ಮೇಲೆ ಕಾಯಿ ಕಚ್ಚಲು, ಅಂದರೆ ಬ್ಯಾಕಿಂಗ್‌ಗೆ ಇನ್ನೊಂದು ಸಲ. ತಡವಾದರೆ ಆ ವರ್ಷದ ಫಸಲು ಹೋದ ಹಾಗೆ. ಎಲ್ಲರ ತೋಟದಲ್ಲೂ ಒಂದೇ ಸಮಯಕ್ಕೆ ಡೀಸೆಲ್ ಪಂಪ್ ಓಡಬೇಕು, ಕೆಡುವುದೂ ಆಗಲೇ. ರಾತ್ರಿ ಹನ್ನೊಂದಕ್ಕೆ ಜೀಪ್ ಬಂದು ನಿಂತರೆ ಅಪ್ಪ ಟಾರ್ಚ್ ಹಿಡಿದು ಹೊರಡುತ್ತಿದ್ದರು. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗೆ ತಾಗಿಸಿ, ಹಿಡಿಯನ್ನು ಬಲಗಿವಿಗೆ ಒತ್ತಿ, ಡಾಕ್ಟರು ಎದೆ ನೋಡುವ ಹಾಗೆ ಕೇಳುತ್ತಿದ್ದರು. ಬೇರಿಂಗ್ ಹೋಗಿದೆಯೋ ವಾಲ್ವ್ ಹೋಗಿದೆಯೋ ಅಲ್ಲೇ ಹೇಳುತ್ತಿದ್ದರು. ನಾವು ಓದಿದ್ದು ಆ ದುಡ್ಡಿನಲ್ಲಿ. ಪೆನ್ಶನ್ ಎಷ್ಟಿರುತ್ತಿತ್ತು ಆಗ?

ಭಾನುವಾರ ನನ್ನ, ತಂಗಿಯ ಶಾಲೆ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದುದೂ ಅವರೇ. ಸ್ಕರ್ಟಿನ ಒಂದೊಂದು ಮಡಿಕೆಯೂ ನೆಟ್ಟಗಿರಬೇಕು. ಆ ಕೆಲಸವನ್ನು ಅವ್ವನಿಗೆ ಎಂದೂ ಬಿಡಲಿಲ್ಲ, ಅವ್ವ ಸರಿಯಾಗಿ ಮಾಡಲ್ಲ ಅಂತ.

2016ರಲ್ಲಿ ಬಜಾಜ್ ಕಂಪನಿ ವಿಕ್ರಾಂತ್‌ನ ಲೋಹ ಬೆರೆಸಿ ಬೈಕ್ ಮಾಡಿದಾಗ ತಂಗಿಯ ಗಂಡ ಆಸೆಯಿಂದ ಅವರನ್ನು ಶೋರೂಮಿಗೆ ಕರೆದುಕೊಂಡು ಹೋದ. ಅಪ್ಪ ಪೆಟ್ರೋಲ್ ಟ್ಯಾಂಕ್ ಮೇಲೆ ಬೆರಳಿನಿಂದ ತಟ್ಟಿ, "ಇದರಲ್ಲಿ ವಿಕ್ರಾಂತ್ ಎಷ್ಟು ಗ್ರಾಂ ಇದೆ?" ಅಂತ ಕೇಳಿದರು. ಸೇಲ್ಸ್ ಹುಡುಗ ನಕ್ಕ. ಬೈಕ್ ತೆಗೆದುಕೊಳ್ಳಲಿಲ್ಲ. ಕಾರವಾರದ ಬೀಚಿನಲ್ಲಿ ಪ್ರದರ್ಶನಕ್ಕಿಟ್ಟಿರುವ ಯುದ್ಧನೌಕೆ ಐಎನ್ಎಸ್ ಚಪಲ್ ತೋರಿಸಿದಾಗಲೂ ಅಷ್ಟೇ. "ಡೀಸೆಲ್ ಬೋಟ್" ಅಂದರು, ಮುಗಿಯಿತು.

ಅಪ್ಪ ಹೋದ ಮೇಲೆ ಬೀರುವಿನಲ್ಲಿ ಒಂದು ಫೈಲ್ ಸಿಕ್ಕಿತು. ಮೇಲೆ ಅವ್ವನ ಹೆಸರು. ಫ್ಯಾಮಿಲಿ ಪೆನ್ಶನ್‌ಗೆ ಏನೇನು ಬೇಕೋ ಎಲ್ಲಾ ಅದರಲ್ಲಿ. ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಮೂಲೆಯಲ್ಲಿ ನಂಬರ್. ಸರ್ವೀಸ್ ದಾಖಲೆಯಲ್ಲಿ ಅವ್ವನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇತ್ತು. ಎಷ್ಟು ಮನೆಗಳಲ್ಲಿ ಗಂಡ ಸತ್ತ ಮೇಲೆ ಹೆಂಗಸರು ಇದೇ ಕಾರಣಕ್ಕೆ ಆಫೀಸಿಂದ ಆಫೀಸಿಗೆ ಅಲೆಯುವುದನ್ನು ನೋಡಿದ್ದೇನೆ. ಅಪ್ಪ ಬದುಕಿದ್ದಾಗಲೇ ಅದನ್ನು ಸರಿ ಮಾಡಿಸಿ ಇಟ್ಟಿದ್ದರು.

"ನಾನೇ ಮೊದಲು ಹೋಗಿದ್ರೆ ಏನು ಮಾಡ್ತಿದ್ರು ಇವರು?" ಅಂದರು ಅವ್ವ.

ಅದಕ್ಕೂ ತಯಾರಿ ಇತ್ತು. ಫೈಲಿನ ಹಿಂದಿನ ಪ್ಲಾಸ್ಟಿಕ್ ಕವರಿನಲ್ಲಿ, ಅಪ್ಪನ ಕೈಬರಹದಲ್ಲಿ, ಹಾಲಿನ ಲೆಕ್ಕ ಯಾರಿಗೆ ಕೊಡಬೇಕು, ಮೊಮ್ಮಕ್ಕಳ ಹುಟ್ಟಿದ ದಿನ ಯಾವುದು, ಕಣಿಲೆಯನ್ನು (ಎಳೆ ಬಿದಿರು) ಎಷ್ಟು ದಿನ ನೀರಲ್ಲಿ ಹಾಕಬೇಕು, ಹಂದಿ ಮಾಂಸದ ಪಂದಿಕರಿಗೆ ಹುಳಿಗೆ ಹಾಕುವ ಕಾಚಂಪುಳಿ ಸೇರಿ ಏನೇನು ಹಾಕಬೇಕು ಅಂತೆಲ್ಲ ಬರೆದಿತ್ತು. ಅವ್ವ ಅಡುಗೆ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡಿರಬೇಕು.

ಅವ್ವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ ತರೋಕೆ ಹೇಳಿದರು. "ನಿಮ್ಮಪ್ಪ ಕಾಚಂಪುಳಿ ಜಾಸ್ತಿ ಬರೆದಿದ್ದಾರೆ" ಅಂತ ತಿದ್ದಿದರು.